ಹಲೂ ನಕಾ

ತಣ್ಣಗೆ ಏನೋ ಮೊಣಕೈ ದಾಟಿ ಮೇಲೇರುತ್ತಿದೆ, ನರಕ್ಕೆ ಬಿಡುತ್ತೇವೆ ಅಂದಿದ್ದ ಔಷಧಿ ಇರಬೇಕು, ಎಡ ಮೊಲೆಯ ಗಂಟು ಎಲ್ಲಿಯವರೆಗೆ ಹಬ್ಬಿದೆ, ಇನ್ನೊಂದು ಮೊಲೆಯಲ್ಲೂ ಇದೆಯೋ ಎಂದು ಅದು ಹರಿದ ಮೇಲೆ ಈ ಎಂಆರ್‌ಐಯಲ್ಲಿ ಕಾಣುತ್ತದಂತೆ, ಅದನ್ನು ನೋಡಿಯೇ ಡಾಕ್ಟರು ಹೇಳುವುದು, ಆಪರೇಶನ್ನಿನಲ್ಲಿ ಗಂಟಷ್ಟೇ ತೆಗೆಯುವುದೋ ಮೊಲೆಯನ್ನೇ ತೆಗೆಯುವುದೋ — ಬೋರಲು ಮಲಗಿಸಿದ್ದಾರೆ, ಎರಡು ಕುಳಿಗಳಲ್ಲಿ ಎರಡೂ ಇಳಿಬಿದ್ದಿವೆ, ಮಷಿನ್ನು ಬೋರ್‌ವೆಲ್ ಕೊರೆಯುವ ಹಾಗೆ ಗಡಗಡ ಎನ್ನುತ್ತದೆ, ಕಿವಿಗೆ ಹಾಕಿದ ಹೆಡ್‌ಫೋನಿನೊಳಗೆ ಮಷಿನ್ನು ನಡೆಸುವ ಮಿರಜದ ಹುಡುಗಿಯ ದನಿ, ತಾಈ, ಹಲೂ ನಕಾ — ಅಕ್ಕಾ, ಅಲುಗಾಡಬೇಡ್ರಿ, ಅಷ್ಟೇ ಅದರ ಅರ್ಥ, ಈಗ ಗೊತ್ತು, ರಾಯಬಾಗದಿಂದ ಕಾಗವಾಡಕ್ಕೆ ಸೊಸೆಯಾಗಿ ಬಂದಾಗ ನನ್ನ ಮರಾಠಿ ಅಷ್ಟಕ್ಕಷ್ಟೇ, ನಕಾ ಅಂದರೆ ಬೇಡ ಎನ್ನುವಷ್ಟು ಗೊತ್ತಿತ್ತು, ಮದುವೆಯಲ್ಲಿ ಫೋಟೋದವನು ಹಲೂ ನಕಾ ಅಂದರೆ ನಾ ಎಲ್ಲಿ ಹಾಲ ಕೇಳೇನ್ರಿ ಅಂದುಬಿಟ್ಟೆ, ಮಂಟಪವೆಲ್ಲ ಬಿದ್ದು ಬಿದ್ದು ನಕ್ಕಿತು, ಯಜಮಾನರಂತೂ ಇವತ್ತಿಗೂ ಬಿಟ್ಟಿಲ್ಲ, ಚಹಾ ಕೊಟ್ಟರೆ ಹಾಲು ನಕಾ ಎಂದು ಕಾಡುತ್ತಾರೆ, ಬೆಳಿಗ್ಗೆ ಮಾತ್ರ ಕಾಡಲಿಲ್ಲ, ಮಷಿನ್ನಿಗೆ ಬಂಗಾರ ಆಗದೆಂದು ತಾಳಿ ಬಿಚ್ಚಿ ಕೈಗೆ ಕೊಟ್ಟಾಗ ಮುಷ್ಟಿ ಕಟ್ಟಿ ಗೋಡೆ ನೋಡುತ್ತಾ ನಿಂತರು — ಹೊರಗೆ ಅತ್ತೆಯ ತೊಡೆಯ ಮೇಲೆ ಸೌಂದರ್ಯಾ ಬಾಟ್ಲಿ ಕಚ್ಚುತ್ತಿರಬಹುದು, ಡಾಕ್ಟರು ಹಾಲು ಬಿಡಿಸಿ ಅಂದರು, ಬಿಡಿಸಿದೆ, ನನ್ನ ಕೂಸು, ಗಂಟು ಮೊದಲು ಕೈಗೆ ಸಿಕ್ಕಾಗ ಅವಳಿಗಿನ್ನೂ ಹಲ್ಲು ಬಂದಿರಲಿಲ್ಲ, ಅತ್ತೆ ಮುಟ್ಟಿ ನೋಡಿ, ಹಾಲ ಕಟ್ಟೇತಿ ಬಿಡವಾ, ಕೂಸು ಜಗ್ಗಿ ಕುಡದ್ರ ಕರಗತೈತಿ, ಅವರದೇನೂ ತಪ್ಪಿಲ್ಲ, ಅವರಿಗೆ ಕರಗಿತ್ತಂತೆ, ನನ್ನ ಬುದ್ಧಿಗೆ ಏನಾಗಿತ್ತು, ಬಿಸಿ ಬಟ್ಟೆ ಇಟ್ಟೆ, ದ್ರಾಕ್ಷಿ ಕಟಾವು ಮುಗಿಯಲಿ ಅಂದೆ, ಮುಗಿಯಿತು, ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡೂ ಖಾಲಿಯಾಯಿತು, ಗಂಟು ಕರಗಲಿಲ್ಲ — ಕೂಸು ಆ ಬದಿಗೆ ಬಾಯಿ ಹಚ್ಚುತ್ತಿರಲಿಲ್ಲ, ಬಲಕ್ಕೆ ಹಾಕಿಕೊಂಡರೆ ಗಟಗಟ ಕುಡಿಯುವವಳು ಎಡಕ್ಕೆ ಹಾಕಿದ ಕೂಡಲೇ ಮುಖ ತಿರುವುತ್ತಿದ್ದಳು, ಸೊಕ್ಕ ನೋಡ ಇಕೀದು, ತಲೆ ಹಿಡಿದು ಒತ್ತುತ್ತಿದ್ದೆ, ಕುಡಿ ಬೇ, ನೀ ಕುಡದ್ರನ ಕರಗತೈತಿ, ಉಸಿರು ಕಟ್ಟಿ ಅಳುತ್ತಿದ್ದಳು, ಮತ್ತೆ ಒತ್ತುತ್ತಿದ್ದೆ, ಅಯ್ಯೋ, ಎಷ್ಟು ಸಲ ಒತ್ತಿದೆ, ಮಾತು ಬಾರದ ಕೂಸು ತನಗೆ ಬಂದ ಹಾಗೆ ಹೇಳುತ್ತಲೇ ಇತ್ತು, ನಾನೇ ಕೇಳಲಿಲ್ಲ, ಅವತ್ತೇ ಬರಬೇಕಿತ್ತು, ಆಗ ಗಂಟು ಕಡಲೆಕಾಳಿನಷ್ಟಿತ್ತು — ಗಡಗಡ ನಿಂತಿತು, ಎದೆಯಡಿ ಬೆಚ್ಚಗೆ ಒಂದು ಹನಿ ಜಾರಿತು, ಯಾವ ಬದಿಯದೋ ತಿಳಿಯದು, ಒರೆಸಿಕೊಳ್ಳುವ ಹಾಗಿಲ್ಲ, ತಾಈ, ಹಲೂ ನಕಾ, ಇಲ್ಲವ್ವಾ, ಅಲುಗಾಡುವುದಿಲ್ಲ, ತಾಈ, ಹಲೂ ನಕಾ, ತಾಯಿ, ಹಾಲು ನಕಾ, ಮುಖ ತಿರುವುತ್ತಾಳೆ, ಒತ್ತುತ್ತೇನೆ, ಮುಖ ತಿರುವುತ್ತಾಳೆ, ತಾಯಿ, ಹಾಲು ನಕಾ, ಮುಖ ತಿರುವುತ್ತಾಳೆ —