ಆನೆ ಪಟಾಕಿಯ ಡಬ್ಬ

ಪಕ್ಕದ ಮನೆಯ ಪ್ರಭುಸ್ವಾಮಿ ಡೇರಿಯಿಂದ ಬಂದವನು ಹಾಲಿನ ಕ್ಯಾನೂ ಇಳಿಸದೆ ಬೈಕನ್ನು ಚಿಕ್ಕಬಸಮ್ಮನ ಬಾಗಿಲಲ್ಲಿ ನಿಲ್ಲಿಸಿದಾಗಲೇ ಅವಳು ಒಲೆ ಬಿಟ್ಟು ಹೊರಗೆ ಬಂದಳು.

"ಅಕ್ಕೋ, ನಿನ್ ಮಗಳ ಜೊತೆ ಓದ್ತಾವ್ಳಲ್ಲ, ಕೊಳ್ಳೇಗಾಲದ ಶೃತಿ, ಅವಳನ್ನ ಪೊಲೀಸ್ನೋರು ಎತ್ತಾಕಂಡೋದ್ರಂತೆ. ಕಾಡಿನ ಜನಾನ ಒಕ್ಕಲೆಬ್ಬಿಸಬ್ಯಾಡಿ ಅಂತ ಮೊಬೈಲ್ ವಿಡಿಯೋದಲ್ಲಿ ಏನೋ ಖಾರವಾಗಿ ಮಾತಾಡಿ ಬುಟ್ಟಿದ್ಲಂತೆ. ನಿನ್ ರೂಪಾನೂ ಅದನ್ನ ಎಲ್ರಿಗೂ ಕಳ್ಸವ್ಳೆ. ಉಗ್ರಗಾಮಿಗಳಿಗೆ ಆಕೋ ಕೇಸಂತೆ ಕಣಕ್ಕ, ಜಾಮೀನೇ ಸಿಕ್ಕಾಕಿಲ್ವಂತೆ."

"ಬರೀ ಮಾತಾಡಿದ್ಕಾ?"

"ಮಾತಾಡಿದ್ಕೇ. ಜೀಪು ಆಗ್ಲೇ ಅನೂರು ದಾಟ್ತಂತೆ. ಕಾನೂನು ಓದ್ತಾವ್ಳೆ ನನ್ ಮಗಳು ಅಂತ ಊರೆಲ್ಲಾ ಸಾರ್ಕಂಡು ಬಂದ್ಯಲ್ಲ, ಈಗ ಕಾನೂನೇ ನಿನ್ ಮನೆಗೆ ಬತ್ತಾ ಅದೆ." ನಗಲು ಹೋದವನು ಅವಳ ಮುಖ ನೋಡಿ ಬೈಕು ತಳ್ಳಿಕೊಂಡು ತನ್ನ ಮನೆಗೆ ಹೋದ. ತನ್ನ ಬಾಗಿಲು ಹಾಕಿಕೊಂಡವನು ಮತ್ತೆ ತೆಗೆಯಲಿಲ್ಲ.

ರಜೆಗೆಂದು ಬಂದಿದ್ದ ರೂಪ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಒಲೆಯ ಮೇಲೆ ಮುದ್ದೆಗಿಟ್ಟ ಎಸರು ಕುದಿಯುತ್ತಿತ್ತು. ಚಿಕ್ಕಬಸಮ್ಮ ಗೋಡೆಗೂಡಿನಲ್ಲಿದ್ದ ಮಗಳ ಪುಸ್ತಕಗಳನ್ನೆಲ್ಲ ಸೆರಗಿಗೆ ಬಾಚಿಕೊಂಡಳು. ಓದು ಬಾರದವಳಿಗೆ ಯಾವುದು ಪರೀಕ್ಷೆಯದು, ಯಾವುದು ಜೈಲಿಗೆ ಹಾಕಿಸುವಂಥದು ಹೇಗೆ ಗೊತ್ತಾಗಬೇಕು? ಒಲೆಗೆ ಹಾಕಲು ಮನಸ್ಸು ಬರಲಿಲ್ಲ. ಮನೆಯಲ್ಲಿ ಯಾರೂ ಮುಟ್ಟದ ಜಾಗ ಒಂದೇ, ಅಟ್ಟದ ಮೇಲಿನ ತಗಡಿನ ಡಬ್ಬ. ಜೋಳದ ಹೊಲಕ್ಕೆ ಆನೆ ನುಗ್ಗಿದಾಗ ಹಚ್ಚುವ ಪಟಾಕಿ ಅದರಲ್ಲಿತ್ತು. ಲೊಕ್ಕನಹಳ್ಳಿಯಲ್ಲಿ ಉಪ್ಪಿನ ಗಡಿಗೆಯಂತೆ ಮನೆಮನೆಗೂ ಇರುವ ಡಬ್ಬ. ಪುಸ್ತಕಗಳನ್ನು ಅದರೊಳಗೆ ತುರುಕಿ ಮುಚ್ಚಳ ಒತ್ತಿದಳು.

ರೂಪ ಒಳಬಂದಾಗ ಎಲ್ಲ ಹೇಳಿ, "ಎದ್ರುಕಬ್ಯಾಡ ಕಣವ್ವ, ಪುಸ್ತಕಾನೆಲ್ಲ ಆನೆ ಪಟಾಕಿ ಡಬ್ಬದಲ್ಲಿ ಮಡಗಿವ್ನಿ" ಎಂದು ಪಿಸುಗುಟ್ಟಿದಳು.

ಮಗಳ ಕೈಯಿಂದ ಒದ್ದೆ ಬಟ್ಟೆ ಜಾರಿತು. "ಅವ್ವಾ! ಬರೀ ಪುಸ್ತಕ ಸಿಕ್ಕಿದ್ರೆ ಓದ್ತಾವ್ಳೆ ಅಂತಾರೆ. ಮದ್ದಿನ ಜೊತೆ ಸಿಕ್ಕಿದ್ರೆ ಬಾಂಬು ಮಾಡ್ತಾವ್ಳೆ ಅಂತ ಬರ್ಕಳ್ತಾರೆ!"

ಆನೆ ಪಟಾಕಿ ಇನ್ನೊಬ್ಬರ ಕಣ್ಣಿಗೆ ಬೇರೇನೋ ಆದೀತೆಂದು ಚಿಕ್ಕಬಸಮ್ಮನಿಗೆ ಹೊಳೆದೇ ಇರಲಿಲ್ಲ.

ತಿರುವಿನಲ್ಲಿ ಜೀಪಿನ ಸದ್ದು ಕೇಳಿತು. ರೂಪ ಏಣಿ ಹತ್ತಿ ಪುಸ್ತಕಗಳನ್ನು ಕಿತ್ತು ತಂದು ಗೂಡಿನಲ್ಲಿ ಮೊದಲಿದ್ದಂತೆಯೇ ಜೋಡಿಸಿದಳು.

"ಇಲ್ಲೇ ಇರ್ಲಿ. ಬಚ್ಚಿಟ್ರೇ ತಪ್ಪು ಮಾಡ್ದಂಗೆ. ನೀನು ಡಬ್ಬ ತಕಂಡು ಒಲಕ್ಕೋಗು."

"ನಿನ್ನೊಬ್ಳನ್ನೇ ಬುಟ್ಟು?"

"ಓಗವ್ವ!"

ಚಿಕ್ಕಬಸಮ್ಮ ಡಬ್ಬ ಹೊತ್ತು ಹೊರಬರುವಾಗ ಪೊಲೀಸರು ಜೀಪಿನಿಂದ ಇಳಿಯುತ್ತಿದ್ದರು.

"ಏನಮ್ಮಾ ತಲೆ ಮೇಲೆ?"

"ಆನೆ ಪಟಾಕಿ ಸಾ." ಬಾಯಿಗೆ ಸುಳ್ಳೊಂದೂ ಸಿಗಲಿಲ್ಲ.

"ಹಗಲೊತ್ತೂ ಬತ್ತವಾ ನಿಮ್ಮೂರ್ಗೆ?" ಇನ್ನೊಬ್ಬ ನಕ್ಕ.

"ಅವುಕ್ಕೇನು ಗಡಿಯಾರ ಅದಾ ಸಾ?"

ದಾರಿ ಬಿಟ್ಟರು. ಬೇಲಿ ದಾಟುವಷ್ಟರಲ್ಲಿ ಹಿಂದಿನಿಂದ ದನಿ ಬಂತು: "ರೂಪ ಅಂದ್ರೆ ಯಾರು?"

"ನಾನೇ."

ಚಿಕ್ಕಬಸಮ್ಮ ನಿಂತಳು. ವಾಪಸು ಹೋದರೆ ಡಬ್ಬವೂ ಜೊತೆಗೇ ಹೋಗುತ್ತದೆ. ಮುಚ್ಚಳವನ್ನು ಒತ್ತಿ ಹಿಡಿದು ಹೊಲದ ಕಡೆಗೇ ನಡೆದಳು, ಮಗಳ ದನಿ ಇನ್ನೊಮ್ಮೆ ಕೇಳೀತೇ ಎಂದು ಬೆನ್ನೆಲ್ಲ ಕಿವಿಯಾಗಿ.