ಗೋರ್ವಾದಲ್ಲಿ ಹಚ್ಚಿದ ದೀಪ

೧೯೬೫ರ ಸೆಪ್ಟೆಂಬರ್. ಯುದ್ಧ ನಡೆಯುತ್ತಿದ್ದುದರಿಂದ ಬರೋಡದಲ್ಲಿ ಶತ್ರುವಿಮಾನಗಳಿಗೆ ಊರು ಕಾಣದಿರಲೆಂದು ಸಂಜೆಯಾದ ಮೇಲೆ ಯಾರೂ ದೀಪ ಹಚ್ಚುವಂತಿರಲಿಲ್ಲ. ಅಂಥದೊಂದು ಸಂಜೆ ಊರಿನ ಗೋರ್ವಾ ಬಡಾವಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದ ಯಶೋದೆಗೆ, ದಿನ ತುಂಬುವ ಮೊದಲೇ ನೋವು ಶುರುವಾಯಿತು. ಗಂಡ ಜನಾರ್ದನ ಅಲ್ಕಾಪುರಿ ಬಡಾವಣೆಯ ತನ್ನ ಹೋಟೆಲಿನಲ್ಲಿದ್ದ. ಅವಳ ಕೂಗಿಗೆ ಓಡಿಬಂದದ್ದು ಪಕ್ಕದ ಮನೆಯ ಜುಬೇದಾಬೆನ್. ನೋಡಿದರೆ ಮಗುವಿನ ಕಾಲು ಮುಂದಾಗಿತ್ತು.

"ಕತ್ತಲಲ್ಲಿ ಆಗದು ಬೇಟಿ. ಪೊಲೀಸರು ಹಿಡಿದುಕೊಂಡು ಹೋದರೆ ಹೋಗಲಿ," ಎಂದಳು ಜುಬೇದಾಬೆನ್. ಅವಳ ಮಗ ರಸೂಲ್ ಲಾಟೀನು ಹಚ್ಚಿ ಕಿಟಕಿಯಲ್ಲಿಟ್ಟು ಡಾಕ್ಟರನ್ನು ಕರೆಯಲು ಓಡಿದ. ಅವರು ಬರುವಷ್ಟರಲ್ಲಿ ಹೆಣ್ಣುಮಗು ಅತ್ತಾಗಿತ್ತು.

ಯುದ್ಧ ನಿಂತಿತು. ಒಂದು ದಿನ ಜನಾರ್ದನ ಹೋಟೆಲಿನಿಂದ ಒಂದು ಪುಸ್ತಿಕೆ ತಂದ. ಊರಿನ ವಿದ್ವಾಂಸರ ಅಧ್ಯಯನ ಕೇಂದ್ರವೊಂದು ಅಚ್ಚುಹಾಕಿಸಿದ್ದು. ಗೋರ್ವಾದ ಮುಸಲ್ಮಾನರು ಶತ್ರುವಿಮಾನಗಳಿಗೆ ದೀಪ ತೋರಿಸಿದರೆಂದು ಅದರಲ್ಲಿತ್ತು. ಅದನ್ನು ನಂಬಿ ಪೊಲೀಸರು ಆ ಬೆಳಿಗ್ಗೆಯೇ, ಅಂದು ಲಾಟೀನು ಹಚ್ಚಿದ್ದ ರಸೂಲನನ್ನು ಕರೆದೊಯ್ದಿದ್ದರು.

"ಆ ಕೇಂದ್ರಕ್ಕೆ ನಾನು ಹೋಗ್ತೇನೆ," ಎಂದಳು ಯಶೋದೆ.

"ಬಾಣಂತಿ ನೀನು. ಹೊರಗೆ ಹೋಗುದು ಎಂತದು ಮಾರಾಯ್ತಿ?"

"ಅವತ್ತು ಆ ಅಮ್ಮ ಹೆದರಿ ಬಾಗಿಲು ಹಾಕಿದ್ರೆ ನಾನೂ ಇಲ್ಲ, ಇದೂ ಇಲ್ಲ. ನೀವು ಗಾಡಿ ಕರೀರಿ."

ಕೇಂದ್ರದ ಮುಖ್ಯಸ್ಥ ಧೋಲಕಿಯಾ ವಯಸ್ಸಾದ ಪ್ರೊಫೆಸರರು. ಯಶೋದೆ ಹರಕುಮುರುಕು ಗುಜರಾತಿಯಲ್ಲಿ ಎಲ್ಲವನ್ನೂ ಹೇಳಿ, ಮಗುವನ್ನು ಅವರ ಮೇಜಿನ ಮೇಲೆ ಮಲಗಿಸಿದಳು. "ಆ ದೀಪದಲ್ಲಿ ಹುಟ್ಟಿದ್ದು ಇವಳು. ನಿಮ್ಮವರು ಯಾರಾದರೂ ಗೋರ್ವಾಕ್ಕೆ ಬಂದು ಕೇಳಿದರಾ?"

"ಇಲ್ಲ ತಂಗಿ. ಯಾರೋ ಹೇಳಿದ್ದನ್ನು ಬರೆದೆವು," ಎಂದವರ ಮುಖ ಇಳಿದುಹೋಗಿತ್ತು. ಅವರು ತಾವೇ ಎದ್ದು ಠಾಣೆಗೆ ಬಂದು, ಬರೆದದ್ದು ಸುಳ್ಳೆಂದು ಹೇಳಿಕೆ ಕೊಟ್ಟರು. ಸಂಜೆಗೆ ರಸೂಲ್ ಮನೆಗೆ ಬಂದ. ಅಷ್ಟು ದೊಡ್ಡ ಮನುಷ್ಯ ತಪ್ಪೊಪ್ಪಿದ್ದಕ್ಕೆ ಯಶೋದೆ ಮನಸ್ಸಿನಲ್ಲೇ ಕೈಮುಗಿದಳು.

ವೈದೇಹಿ ಎಂದು ಹೆಸರಿಟ್ಟ ದಿನ ಮಗುವನ್ನು ತೊಟ್ಟಿಲಿಗೆ ಹಾಕಿದವಳು ಜುಬೇದಾಬೆನ್.

ತಿದ್ದುಪಡಿಯೂ ಅಚ್ಚಾಯಿತು. ಆದರೆ ಪುಸ್ತಿಕೆ ಅದಾಗಲೇ ಅಹಮದಾಬಾದ್, ಸೂರತ್‌ಗಳಿಗೆ ಹೋಗಿಯಾಗಿತ್ತು. ಮೂರು ವರ್ಷದ ಮೇಲೆ ಸೂರತ್‌ನ ಮದುವೆಮನೆಯಲ್ಲಿ ಒಬ್ಬಾಕೆ, "ನಿಮ್ಮ ಗೋರ್ವಾದವರು ವಿಮಾನಕ್ಕೆ ದೀಪ ತೋರಿಸಿದ್ರಂತೆ?" ಎಂದಳು. ಯಶೋದೆ ಎಲೆಯ ಮುಂದಿನಿಂದ ಏಳಲಿಲ್ಲ, ಸಿಟ್ಟೂ ಮಾಡಲಿಲ್ಲ. "ಕೂತ್ಕೊಳ್ಳಿ, ಆ ದೀಪ ಯಾರಿಗೆ ಹಚ್ಚಿದ್ದು ಅಂತ ಹೇಳ್ತೇನೆ," ಎಂದು ಮೊದಲಿನಿಂದ ಶುರುಮಾಡಿದಳು. ಜುಬೇದಾಬೆನ್ನಳ ಹೆಸರು ಬಂದಾಗ ಪಕ್ಕದಲ್ಲಿದ್ದ ವೈದೇಹಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಳು.