ಮೊಸರು ಹೆಪ್ಪಾದರೆ ಹಸುವಿಗೆ ಗುಣವಂತೆ

ಪ್ರೇಮನಾಥನ ಬಗ್ಗೆ ಒಳ್ಳೆಯ ಮಾತು ಆಡಲೇಬೇಕೆಂದರೆ ಒಂದೇ ಒಂದು ಇದೆ: ಅವನ ಹೋಟೆಲಿನ ಮೊಸರು ಚೆನ್ನಾಗಿತ್ತು. ಅದೂ ಅವನ ದೊಡ್ಡಸ್ತಿಕೆಯಲ್ಲ, ತಂಗಿ ಹರಿಣಾಕ್ಷಿಯ ಹಸುಗಳದ್ದು. ತೊಂಬತ್ತರ ದಶಕದಲ್ಲಿ ಡೊಂಬಿವಲಿ ಸ್ಟೇಷನ್ನಿನ ಪಕ್ಕದ ಆ ಹೋಟೆಲಿನ ದುಡ್ಡಿನ ಗಲ್ಲೆಯಲ್ಲಿ ಕೂತವನು ನಾನು, ಹಾಗಾಗಿ ಎಲ್ಲ ಗೊತ್ತು. ಗಂಡ ತೀರಿಕೊಂಡ ಮೇಲೆ ಹರಿಣಾಕ್ಷಿ ಕಲ್ಯಾಣದ ಆಚೆ ಅಣ್ಣನ ತಬೇಲದಲ್ಲಿ, ಅಂದರೆ ದನದ ಕೊಟ್ಟಿಗೆಯಲ್ಲಿ, ಮೂರು ಹಸು ಸಾಕಿ ಹೋಟೆಲಿಗೆ ಹಾಲು ಕೊಡುತ್ತಿದ್ದಳು. ಮನೆ ನಡೆಸುತ್ತಿದ್ದದ್ದು ಗಂಗಾ ಎಂಬ ಹಸು. ಉಳಿದೆರಡು ಬರೀ ಮೇಯುವುದಕ್ಕೆ ಹುಟ್ಟಿದವು, ಪ್ರೇಮನಾಥನ ಹಾಗೆ.

ಆ ಗಂಗಾಳಿಗೆ ಕೆಚ್ಚಲು ಬಾವು ಬಂತು. ಒಂದು ಮೊಲೆ ಊದಿ ಕಲ್ಲಾಯಿತು. ಡಾಕ್ಟರು ಇಂಜೆಕ್ಷನ್ ಶುರು ಮಾಡಿ, ಪೂರ್ತಿ ಕೋರ್ಸ್ ಆಗಬೇಕು, ತಾನು ಹೇಳುವವರೆಗೆ ಈ ಹಸುವಿನ ಹಾಲು ಯಾರೂ ಕುಡಿಯಬಾರದು ಎಂದು ಹೇಳಿ ಹೋದರು. ಹರಿಣಾಕ್ಷಿ ಹಾಲನ್ನು ಗಟಾರಕ್ಕೆ ಚೆಲ್ಲಿದಳು. ಅದನ್ನು ಕಂಡು ನಮ್ಮ ಧಣಿಗೆ ಜೀವ ಹೋದ ಹಾಗಾಯಿತು.

"ಬಾವು ಬಂದದ್ದು ಒಂದು ಮೊಲೆಗೆ. ಉಳಿದ ಮೂರು ಎಂತ ಪಾಪ ಮಾಡಿದ್ದು?" ಎಂದು ಮರುದಿನ ತಾನೇ ನಿಂತು ಆ ಹಾಲನ್ನು ಕ್ಯಾನಿಗೆ ತುಂಬಿಸಿಕೊಂಡು ಬಂದ.

ಅಂದು ಇಟ್ಟ ಮೊಸರು ಬೆಳಿಗ್ಗೆಯೂ ಹಾಲಾಗಿಯೇ ಇತ್ತು. ಇರದೆ ಏನು? ಮದ್ದು ಹಾಲಿಗಿಳಿದು ಹೆಪ್ಪನ್ನೂ ಕೊಂದಿತ್ತು. ಮನುಷ್ಯನಾದವನು ಅದರಿಂದ ಬುದ್ಧಿ ಕಲಿಯುತ್ತಿದ್ದ. ಇವನು ಹೋಟೆಲಿನವನು. ಸೀದಾ ತಬೇಲಕ್ಕೆ ಹೋಗಿ ಕೂಗಾಡಿದ.

"ನೋಡಿದಿಯಾ ನಿನ್ನ ಡಾಕ್ಟರನ ಕೆಲಸ? ಮೊಸರು ಹಿಡಿಯದ ಹಾಲು ಅಂದ್ರೆ ಹಸು ಒಳಗಿಂದ ಕೊಳೀತಾ ಉಂಟು ಅಂತ! ಇನ್ನು ಇಂಜೆಕ್ಷನ್ ಬೇಡ."

ಕೋರ್ಸ್ ಅರ್ಧಕ್ಕೇ ನಿಂತಿತು. ಜಾಗ ಅವನದ್ದು, ಹರಿಣಾಕ್ಷಿ ಹಲ್ಲು ಕಚ್ಚಿದಳು.

ಆಮೇಲೆ ಬಂದ ಇನ್ನೊಬ್ಬ ಮಹಾನುಭಾವ, ಹಿತೇಶ್. ಪ್ರೇಮನಾಥನ ಹೆಂಡತಿಯ ತಮ್ಮ. ಠಾಣೆ ಊರಿನಲ್ಲೇ ಹುಟ್ಟಿದವನು, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಅಲ್ಲಿನ ಕಾರ್ಖಾನೆಗಳ ವಾಗ್ಳೆ ಎಸ್ಟೇಟ್‌ನಲ್ಲಿ ಸೋಪಿಗೂ ಊದಿನಕಡ್ಡಿಗೂ ಸುಗಂಧದ ಎಣ್ಣೆ ಮಾರುವ ಕೆಲಸ. ಒಂದು ಬಾಟಲಿ ಲವಂಗದ ಎಣ್ಣೆ, ಒಂದು ಗವತಿ ಚಹಾದ, ಅಂದರೆ ಚಹಾಕ್ಕೆ ಹಾಕುವ ನಿಂಬೆಹುಲ್ಲಿನ ಎಣ್ಣೆ ಹಿಡಿದುಕೊಂಡು ಬಂದ.

"ಅರೇ ಭಾವಾ, ಟೆನ್ಶನ್ ಮತ್ ಲೋ. ಫಾರಿನ್‌ಮೇ ಸಬ್ ಯಹೀ ಕರ್ತೇ ಹೈ. ಏಕ್‌ದಮ್ ನ್ಯಾಚುರಲ್."

ಫಾರಿನ್ನಿನಲ್ಲಿ ಎಲ್ಲರೂ ಇದನ್ನೇ ಮಾಡುವುದಂತೆ. ಎಲ್ಲೋ ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಆ ಎಣ್ಣೆಗೆ ಕ್ರಿಮಿ ಸತ್ತದ್ದನ್ನು ಓದಿದ್ದ. ಗಾಜಿನ ತಟ್ಟೆ ಒದೆಯುವುದಿಲ್ಲ, ಅದಕ್ಕೆ ಚರ್ಮವೂ ಇಲ್ಲ. ಕೊಬ್ಬರಿ ಎಣ್ಣೆಯನ್ನೂ ಬೆರೆಸದೆ ಹಸಿ ಎಣ್ಣೆಯನ್ನೇ ಕೆಚ್ಚಲಿಗೆ ಹಚ್ಚಿಸಿದ. ಗಂಗಾ ಹಗ್ಗ ಕಿತ್ತುಕೊಳ್ಳುವ ಹಾಗೆ ಕುಣಿದಳು.

"ಉರೀತಾ ಉಂಟು ಅಣ್ಣ ಅವಳಿಗೆ!" ಅಂದಳು ಹರಿಣಾಕ್ಷಿ.

"ಉರಿದ್ರೆ ಮದ್ದು ತಾಗ್ತಾ ಉಂಟು ಅಂತ ಅರ್ಥ ಮಾರಾಯ್ತಿ."

ಇಂಜೆಕ್ಷನ್ನಿನ ಮದ್ದು ಹಾಲಿನಿಂದ ಇಳಿದುಹೋದ ಮೇಲೆ ಮೊಸರು ಚಾಕುವಿನಲ್ಲಿ ಕೊಯ್ಯುವ ಹಾಗೆ ಗಟ್ಟಿಯಾಯಿತು. ಪ್ರೇಮನಾಥ ಪಾತ್ರೆಯನ್ನು ಗಲ್ಲೆಗೆ ತಂದು ನನ್ನ ಮುಂದೆ ಬೋರಲು ಹಿಡಿದು ತೋರಿಸಿದ. "ಹಸು ಗುಣ ಆಯ್ತು!" ಹಾಲಿನಲ್ಲಿ ಎಣ್ಣೆಯ ವಾಸನೆ, ಗಿರಾಕಿಗಳು ಆ ಹಾಲಿನ ಚಹಾವನ್ನು ಗವತಿ ಚಹಾ ಎಂದು ಚಪ್ಪರಿಸಿ ಕುಡಿದು ಇನ್ನೊಂದು ಕೇಳಿದರು. ಅವರೂ ಅಷ್ಟೇ. ಬಿಸಿಯಾಗಿದ್ದರೆ ಹೊಂಡದ ನೀರನ್ನೂ ಹೊಗಳುವ ಜನ. ಹಿತೇಶನಂತೂ ತನ್ನ ಎಣ್ಣೆಗೆ ಹಸುವಿನ ಚಿತ್ರದ ಲೇಬಲ್ ಹಾಕಿಸುವ ಮಾತಾಡತೊಡಗಿದ.

ಅತ್ತ ಗಂಗಾ ಮೇವು ಬಿಟ್ಟಳು. ಕೆಚ್ಚಲ ಚರ್ಮ ಸುಲಿದು ಬೊಬ್ಬೆ ಎದ್ದಿತ್ತು. ಪಕ್ಕದ ಮೊಲೆಯೂ ಗಟ್ಟಿಯಾಗುತ್ತಿತ್ತು. ಹರಿಣಾಕ್ಷಿ ಯಾರನ್ನೂ ಕೇಳದೆ ಡಾಕ್ಟರನ್ನು ಕರೆಸಿದಳು. ಸುದ್ದಿ ಸಿಕ್ಕಿ ಪ್ರೇಮನಾಥ ಓಡಿದ. ಹಿಂದೆ ನಾನು, ನೋಡುವ ಚಪಲಕ್ಕೆ.

"ಮತ್ತೆ ಸೂಜಿ ಹಾಕಿಸಿದ್ರೆ ತಬೇಲ ಖಾಲಿ ಮಾಡು," ಎಂದ. "ಮೊಸರು ಆಗ್ತಾ ಉಂಟಲ್ಲ, ಇನ್ನೆಂತ ಬೇಕು ನಿನಗೆ?"

ಅವಳು ಅಣ್ಣನ ಕೈ ಹಿಡಿದು ಎಳೆದು ಕೂರಿಸಿದಳು. ಊದಿದ ಮೊಲೆಯನ್ನು ಮೆಲ್ಲಗೆ ಹಿಂಡಿದಳು. ಅವನ ಅಂಗೈಗೆ ಹಳದಿ ನೀರು ಬಿತ್ತು, ಅದರಲ್ಲಿ ಗರಣೆ, ರಕ್ತದ ಎಳೆ.

"ಇದು ನಿನ್ನ ಗುಣ ಆದ ಹಸು. ಗಿರಾಕಿಗೆ ಕೊಡ್ತಿಯಾ?"

ಪ್ರೇಮನಾಥ ಅಂಗೈಯನ್ನು ಮೂಗಿನ ಹತ್ತಿರ ಒಯ್ದ.

"ಪರಿಮಳ ಅಂತೂ ಒಳ್ಳೇದುಂಟು," ಎಂದ.

ಡಾಕ್ಟರು ಸಿರಿಂಜ್ ಹಿಡಿದು ಹಾಗೇ ನಿಂತುಬಿಟ್ಟರು. ಹರಿಣಾಕ್ಷಿ ಹಸುವಿನ ಹಗ್ಗ ಬಿಗಿಯಾಗಿ ಹಿಡಿದಳು. "ಹಾಕಿ ಡಾಕ್ಟರೇ. ಖಾಲಿ ಮಾಡ್ತೇನೆ," ಅಂದಳು.

ಕೋರ್ಸ್ ಮುಗಿಯುವವರೆಗೆ ಹಸುವಿನ ಪಕ್ಕದಿಂದ ಏಳಲಿಲ್ಲ. ಮೊದಲ ಮೊಲೆ ಬತ್ತಿಯೇ ಹೋಯಿತು, ಉಳಿದ ಮೂರು ಉಳಿದವು. ಡಾಕ್ಟರು ಸರಿ ಎಂದ ಮೇಲೆ ಹಸುಗಳನ್ನು ಹೊಡೆದುಕೊಂಡು ಟಿಟ್ವಾಳಾದ ಕಡೆ ಹೋದಳು. ಗಂಗಾಳ ಹಾಲನ್ನು ಅಲ್ಲಿನ ಚಾಳಿನವರು ಚರಿಗೆ ಹಿಡಿದು ಸಾಲು ನಿಂತು ಒಯ್ಯುತ್ತಿದ್ದರು. ಅಣ್ಣ ಎರಡು ಸಲ ಕ್ಯಾನ್ ಕಳಿಸಿದ. ಎರಡು ಸಲವೂ ಅವಳು ಅದನ್ನು ಚೆನ್ನಾಗಿ ತೊಳೆದು, ಖಾಲಿಯೇ ವಾಪಸು ಕಳಿಸಿದಳು.